ಒರಟು ದನಿ, ಚುರುಕು ಮಾತು: ಹಾಡಿನ ಇನ್ನೊಂದು ಚರಿತ್ರೆ



ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಕೆ. ಹೊಸಕೋಟೆ ಎಂಬ ಊರಿದೆ. ಕೆಂಚಮ್ಮನ ಹೊಸಕೋಟೆ ಎಂಬುದು ಅದರ ಪೂರ್ಣ ಹೆಸರು. ಕಾಫಿ ತೋಟ, ಮೆಣಸಿನ ಬಳ್ಳಿ, ಭತ್ತದ ಗದ್ದೆಗಳ ನಡುವಿನ ಈ ಹೋಬಳಿ ಕೇಂದ್ರದಲ್ಲಿ ಮಳೆಗಾಲದ ಒಂದು ಸಂಜೆಯನ್ನು ನೀವು ಕಲ್ಪಿಸಿಕೊಳ್ಳಬೇಕು. ಕರೆಂಟು ಹೋಗಿದೆ. ಹೆಂಚಿನ ಮೇಲೆ ಮಳೆ ಸುರಿಯುತ್ತಿದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಮೊಬೈಲ್ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು, ತಾನೇ ಕಟ್ಟಿದ ಹಾಡೊಂದನ್ನು ಹಾಡಿ ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ಹಾಡಿನ ತುಂಬ ಮಾತು: ಬೆಳಗಿನ ಬಸ್ಸು ತಪ್ಪಿದ್ದು, ಆನೆ ಬಂದಿದೆ ಎಂದು ಫೋನಿಗೆ ಎಚ್ಚರಿಕೆ ಬಂದದ್ದು, ಆನೆಗಿಂತ ಮೊದಲು ಚಿಕ್ಕಪ್ಪ ಬಂದು ಬೈದದ್ದು. ತಾಳಕ್ಕೆ ಮೇಜಿನ ಮೇಲೆ ಬೆರಳು, ಶ್ರುತಿಗೆ ಮಳೆ. ಕೇಳಿದ ತಂಗಿ ನಕ್ಕು, "ಇನ್ನೊಂದ್ಸಲ ಹಾಕಕ್ಕಾ" ಎನ್ನುತ್ತಾಳೆ. ಅಕ್ಕನಿಗೆ ಮಾತ್ರ ನಾಚಿಕೆ. "ಇದೂ ಒಂದು ಹಾಡಾ? ದನಿ ಒರಟು, ಮಳೆ ಸದ್ದು ಬೇರೆ, ಮಾತೋ ನಮ್ಮೂರಿನ ಮಾತು" ಎಂದುಕೊಂಡು ಅದನ್ನು ಅಳಿಸಿಬಿಡುತ್ತಾಳೆ.

ಈ ಹುಡುಗಿ ಕಲ್ಪನೆಯವಳು. ಆದರೆ ಇಂಥ ಹಾಡುಗಳು ದಿನವೂ ಹುಟ್ಟುತ್ತಿವೆ, ದಿನವೂ ಅಳಿಸಿಹೋಗುತ್ತಿವೆ. ಅವಳು ಅಳಿಸಿದ್ದು ಸರಿಯೇ? ಈ ಪ್ರಶ್ನೆಗೆ ಸಂಗೀತದ ವ್ಯಾಕರಣ ಒಂದು ಉತ್ತರ ಹೇಳಬಹುದು, ಚರಿತ್ರೆ ಹೇಳುವ ಉತ್ತರ ಬೇರೆ. ಇಂದು ನಾವು ಚರಿತ್ರೆಯನ್ನು ಕೇಳೋಣ.

ಲೋ-ಫೈ ಎಂದರೇನು?

ಹಾಡನ್ನು ಮುದ್ರಿಸುವ ಯಂತ್ರ ಮೂಲ ದನಿಗೆ ಎಷ್ಟು ನಿಷ್ಠವಾಗಿರುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಫಿಡೆಲಿಟಿ ಎನ್ನುತ್ತಾರೆ. ಹೆಚ್ಚು ನಿಷ್ಠೆಯದು ಹೈ-ಫೈ, ಕಡಿಮೆ ನಿಷ್ಠೆಯದು ಲೋ-ಫೈ. ಮೊದಲು ಲೋ-ಫೈ ಎಂಬುದು ಬೈಗುಳದಂತಿತ್ತು. ಮುಂದೆ ಕೆಲವು ಹಾಡುಗಾರರು ಅದನ್ನೇ ಬೇಕೆಂದು ಆರಿಸಿಕೊಂಡರು. ದೊಡ್ಡ ಕಂಪನಿಗಳ ಹಂಗಿಲ್ಲದೆ, ಮನೆಯಲ್ಲೇ, ಸಿಕ್ಕ ಯಂತ್ರದಲ್ಲೇ ಮುದ್ರಿಸಿ ಹಂಚುವುದು ಅವರ ದಾರಿಯಾಯಿತು. ಹೀಗೆ ಸ್ವತಂತ್ರವಾಗಿ ಹೊರಬರುವ ಹಾಡಿಗೆ ಇಂಡಿ ಸಂಗೀತ ಎಂಬ ಹೆಸರು ಬಿತ್ತು.

ಎರಡು ನಿದರ್ಶನ ನೋಡಿ. ಅಮೆರಿಕದ ಪ್ರಸಿದ್ಧ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ತಮ್ಮ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮೇಲೆ ಕೆಲವು ಹಾಡುಗಳನ್ನು ಮಾದರಿಗಾಗಿ ಮುದ್ರಿಸಿಕೊಂಡರು. ಆಮೇಲೆ ತಮ್ಮ ವಾದ್ಯತಂಡದೊಡನೆ ಸ್ಟುಡಿಯೋದಲ್ಲಿ ಅವನ್ನೇ ಹಾಡಿ ನೋಡಿದರು. ಮನೆಯ ಕ್ಯಾಸೆಟ್ಟಿನಲ್ಲಿದ್ದ ಜೀವ ಅಲ್ಲಿ ಬರಲಿಲ್ಲ. ಕೊನೆಗೆ ಆ ಮನೆಯ ಮುದ್ರಣವೇ 'ನೆಬ್ರಾಸ್ಕ' ಎಂಬ ಹೆಸರಿನಲ್ಲಿ ಹೊರಬಂತು. ಇನ್ನೊಬ್ಬರು ಕ್ಯಾಲಿಫೋರ್ನಿಯಾದ ಜಾನ್ ಡಾರ್ನಿಯಲ್. 'ದಿ ಮೌಂಟನ್ ಗೋಟ್ಸ್' ಎಂಬ ಹೆಸರಿನಲ್ಲಿ ಹಾಡುವ ಇವರು 1990ರ ದಶಕದಲ್ಲಿ ಒಂದು ಗಿಟಾರು ಹಿಡಿದು ಪ್ಯಾನಸಾನಿಕ್ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಹಾಡಿದರು. ಯಂತ್ರದ ಮೋಟಾರಿನ ಗುರ್ ಎನ್ನುವ ಸದ್ದೂ ಹಾಡಿನೊಳಗೆ ಕೇಳುತ್ತದೆ. ಆದರೂ ಜನ ಅವರ ಹಾಡಿನ ಒಂದೊಂದು ಸಾಲನ್ನೂ ಬಾಯಿಪಾಠ ಮಾಡಿದರು. ಮಾತು ಹೆಚ್ಚು, ವಾದ್ಯ ಕಡಿಮೆ, ನಗುವಿನೊಳಗೆ ಒಂದು ನೋವು: ಇದೇ ಅಲ್ಲಿನ ಸೆಳೆತ.

ಈ ಸೆಳೆತಕ್ಕೆ ವಿಜ್ಞಾನದ ಒಂದು ಕಾರಣವೂ ಉಂಟು. ಮನುಷ್ಯನ ಮಾತು ಅರ್ಥವಾಗುವುದಕ್ಕೆ ಎಲ್ಲ ಕಂಪನಾಂಕಗಳೂ ಬೇಕಿಲ್ಲ. ಹಳೆಯ ದೂರವಾಣಿ ವ್ಯವಸ್ಥೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತಿತ್ತು. ಆದರೂ ಅತ್ತ ಕಡೆಯಿಂದ ಮಾತನಾಡುತ್ತಿರುವವರು ಅತ್ತೆಯೋ ಸೋದರಮಾವನೋ ಎಂದು ನಮಗೆ ತಕ್ಷಣ ತಿಳಿಯುತ್ತಿತ್ತು. ಪಿಟೀಲಿನ ನವಿರು, ತಾಳದ ಕಿಣಿಕಿಣಿ ಇವು ಅಗ್ಗದ ಯಂತ್ರದಲ್ಲಿ ಮೊದಲು ಕಳೆದುಹೋಗುತ್ತವೆ. ಮಾತು ಕಡೆಯವರೆಗೆ ಉಳಿಯುತ್ತದೆ. ಹಾಗಾಗಿ ಬಡ ಯಂತ್ರಕ್ಕೂ ಮಾತಿನ ಹಾಡಿಗೂ ಸಹಜವಾದ ಸ್ನೇಹ.

ನಮ್ಮಲ್ಲಿ ಇದು ಹೊಸತಲ್ಲ

ಇದನ್ನೆಲ್ಲ ಓದಿ, ಇದು ಅಮೆರಿಕದಿಂದ ಬಂದ ಸರಕು ಎಂದು ನೀವು ಭಾವಿಸಬಾರದು. ಹೆಸರು ಅಲ್ಲಿಯದು. ಗುಣ ನಮ್ಮಲ್ಲಿ ಹಳೆಯದು.

ಹದಿನಾರನೆಯ ಶತಮಾನದ ಕನಕದಾಸರನ್ನು ನೆನೆಯಿರಿ. ಅವರ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ. ಯಾರು ದೊಡ್ಡವರು ಎಂದು ಎರಡೂ ಧಾನ್ಯಗಳು ಒಂದನ್ನೊಂದು ಹೀಯಾಳಿಸುತ್ತವೆ. ಕಡೆಗೆ ರಾಮನು ಎರಡನ್ನೂ ಸೆರೆಯಲ್ಲಿಡಿಸುತ್ತಾನೆ; ದಿನಗಳು ಕಳೆದ ಮೇಲೆ ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಬಡವರ ಧಾನ್ಯ ಗೆಲ್ಲುವ ಈ ಕಥೆಯನ್ನು ಕೇಳುತ್ತಾ ಜನ ನಕ್ಕರು. ನಗುತ್ತಲೇ, ಇದು ಧಾನ್ಯದ ಜಗಳ ಮಾತ್ರವಲ್ಲ, ಮೇಲು-ಕೀಳಿನ ಜಗಳ ಎಂದು ಅರ್ಥ ಮಾಡಿಕೊಂಡರು. ಕನಕದಾಸರ ಮುಂಡಿಗೆಗಳೂ ಹೀಗೆಯೇ. ಅವು ಹಾಡಿನ ರೂಪದ ಒಗಟುಗಳು. ಕೇಳುವವನು ಸುಮ್ಮನೆ ತಲೆದೂಗಿದರೆ ಸಾಲದು, ತಲೆ ಓಡಿಸಬೇಕು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಶಿಶುನಾಳ ಷರೀಫರು ಸಿಗುತ್ತಾರೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಇವರ ಊರು ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳ. ಗುರು ಕಳಸದ ಗೋವಿಂದ ಭಟ್ಟರು. ಷರೀಫರ ತತ್ವಪದಗಳಲ್ಲಿ ಬರುವುದು ಸೋರುವ ಮಾಳಿಗೆ, ಗುಡುಗುಡಿ, ತಂಬೂರಿ, ಕೋಳಿ, ಕೋಡಗ. ಎಲ್ಲವೂ ಕಣ್ಣೆದುರಿನ ವಸ್ತುಗಳೇ. ಮಾಳಿಗೆ ಸೋರುತ್ತದೆ ಎಂದಾಗ ಮಲೆನಾಡಿನ ನೀವು ಮೊದಲು ನಿಮ್ಮ ಹೆಂಚನ್ನೇ ನೋಡುತ್ತೀರಿ. ಒಂದು ಗಳಿಗೆಯ ಬಳಿಕ, ಸೋರುತ್ತಿರುವುದು ನಮ್ಮ ಬಾಳಿನ ಮಾಳಿಗೆ ಎಂದು ಹೊಳೆಯುತ್ತದೆ. ಆ ಒಂದು ಗಳಿಗೆಯ ಅಂತರದಲ್ಲಿಯೇ ಜಾಣ ಹಾಡಿನ ಗುಟ್ಟು ಅಡಗಿದೆ. ಇದಕ್ಕೆ ಬೇಕಾದ ವಾದ್ಯವಾದರೂ ಎಷ್ಟು? ಒಂದು ಏಕತಾರಿ, ಒಂದು ದಮ್ಮಡಿ ಇದ್ದರೆ ತತ್ವಪದಕ್ಕೆ ಸಾಕು.

ಇನ್ನು ಊರಿನ ಹೆಂಗಸರ ಹಾಡು. ಹಳೆಯ ಮೈಸೂರು ಸೀಮೆಯ ಮದುವೆಗಳಲ್ಲಿ ಬೀಗರನ್ನು ಹಾಸ್ಯ ಮಾಡುವ ಹಾಡುಗಳನ್ನು ನಿಮ್ಮ ಅಜ್ಜಿಯರು ಕೇಳಿರುತ್ತಾರೆ, ಬಹುಶಃ ಹಾಡಿಯೂ ಇರುತ್ತಾರೆ. ಗಂಡಿನ ಕಡೆಯವರು ಎಷ್ಟು ಉಂಡರು, ಬೀಗಿತ್ತಿಯ ಸೀರೆ ಹೇಗಿತ್ತು ಎಂದು ಎದುರಿಗೇ ಕಾಲೆಳೆಯುವ ಹಾಡುಗಳವು. ಅಲ್ಲಿ ಶಾರೀರ ಯಾರಿಗೂ ಮುಖ್ಯವಲ್ಲ. ಮುಂದಿನ ಸಾಲಿನಲ್ಲಿ ಯಾರ ಹೆಸರು ಬರುತ್ತದೆ ಎಂಬ ಕುತೂಹಲವೇ ಮುಖ್ಯ. ಮಾತಿನ ಹಾಡಿಗೆ ನಮ್ಮ ನಾಡಿನಲ್ಲಿ ಇದಕ್ಕಿಂತ ದೊಡ್ಡ ಶಾಲೆ ಇರಲಿಲ್ಲ.

ಹಾಸನ ಜಿಲ್ಲೆಯವರು ಈ ಹಾಡುಗಳ ಬೆಲೆಯನ್ನು ಬೇಗ ಅರಿತರು ಎಂಬುದು ಹೆಮ್ಮೆಯ ವಿಷಯ. ಹೇಮಾವತಿ ತೀರದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು (1904–1991) 'ಹಳ್ಳಿಯ ಹಾಡುಗಳು' ಎಂಬ ಸಂಗ್ರಹವನ್ನು ಹೊರತಂದರು. ಸಕಲೇಶಪುರದವರಾದ ಎಸ್.ಕೆ. ಕರೀಂಖಾನರು ಸ್ವಾತಂತ್ರ್ಯ ಹೋರಾಟಗಾರರು, 'ಸ್ವರ್ಣಗೌರಿ'ಯಂಥ ಚಿತ್ರಗಳಿಗೆ ಹಾಡು ಬರೆದವರು. ಅದಕ್ಕಿಂತ ಮಿಗಿಲಾಗಿ ಊರೂರು ಅಲೆದು ಜನಪದ ಗೀತೆಗಳನ್ನು ಕೂಡಿಸಿದವರು. 2006ರಲ್ಲಿ ಅವರು ತೀರಿಕೊಂಡಾಗ ನಾಡು ಅವರನ್ನು 'ಜಾನಪದ ಜಂಗಮ' ಎಂದೇ ನೆನೆಯಿತು.

ಲಂಡನ್ನಿನ ಧಾಟಿ, ಮೈಸೂರಿನ ಮಾತು

ಈಗ ಇಪ್ಪತ್ತನೆಯ ಶತಮಾನಕ್ಕೆ ಬರೋಣ. ಇಲ್ಲಿ ನಮ್ಮ ಕಥೆಯ ನಾಯಕರು ಇಬ್ಬರು. ಮೊದಲನೆಯವರು ಟಿ.ಪಿ. ಕೈಲಾಸಂ (1884–1946).

ಕೈಲಾಸಂ ನ್ಯಾಯಾಧೀಶರ ಮಗ. ಭೂವಿಜ್ಞಾನವನ್ನು ಓದಲು ಲಂಡನ್ನಿಗೆ ಹೋದವರು. ಆ ಕಾಲದ ಲಂಡನ್ನಿನಲ್ಲಿ ಮ್ಯೂಸಿಕ್ ಹಾಲ್ ಎಂಬ ಜನಪ್ರಿಯ ರಂಗಶಾಲೆಗಳಿದ್ದವು. ಅಲ್ಲಿ ಹಾಡುಗಾರನೊಬ್ಬ ಚಟಾಕಿಯ ಹಾಡು ಹೇಳಿದರೆ ಪಲ್ಲವಿಗೆ ಸಭೆಯೆಲ್ಲ ದನಿಗೂಡಿಸುತ್ತಿತ್ತು. ಕೈಲಾಸಂ ಭೂವಿಜ್ಞಾನದ ಜತೆಗೆ ಇದನ್ನೂ ಕಲಿತು ಬಂದರು. 1912ರಲ್ಲಿ ಹುಟ್ಟಿ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಬಾಯಲ್ಲಿ ಲೋಕವೆಲ್ಲ ಸುತ್ತಿದ 'ಟಿಪ್ಪರೇರಿ' ಹಾಡು ಅವರ ಕೈಯಲ್ಲಿ ತಿಪ್ಪಾರಳ್ಳಿಯ ಹಾಡಾಯಿತು. ಕಾನ್‌ಸ್ಟಾಂಟಿನೋಪಲ್ ಎಂಬ ಉದ್ದದ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಇಂಗ್ಲಿಷ್ ಹಾಡೊಂದಿತ್ತು. ಅದು 'ಕೋಳೀಕೆ ರಂಗ' ಆಯಿತು. ಇಲ್ಲಿ ಹಳ್ಳಿಯವನೊಬ್ಬ ತನ್ನ ಹೆಸರನ್ನು ಕನ್ನಡದ ಕಾಗುಣಿತದಲ್ಲಿ ಬಿಡಿಬಿಡಿಯಾಗಿ ಹೇಳುತ್ತಾನೆ.

ಇದು ಬರಿಯ ಅನುಕರಣೆಯೇ? ಸ್ವಲ್ಪ ಯೋಚಿಸಿ. ಅನುಕರಣೆಯಾಗಿದ್ದರೆ ಮೂಲ ಹಾಡು ಮರೆತಾಗ ಇದೂ ಮರೆಯಬೇಕಿತ್ತು. ಇಂದು ಕನ್ನಡಿಗರಲ್ಲಿ ಕಾನ್‌ಸ್ಟಾಂಟಿನೋಪಲ್ ಹಾಡನ್ನು ಬಲ್ಲವರು ಬೆರಳೆಣಿಕೆಯ ಮಂದಿ. ಕೋಳೀಕೆ ರಂಗನನ್ನು ಬಲ್ಲವರು ಊರೂರಿನಲ್ಲೂ ಇದ್ದಾರೆ. ಧಾಟಿ ಎರವಲು, ಕಾಗುಣಿತ ನಮ್ಮದು. ಇಂಗ್ಲಿಷಿನಲ್ಲಿ ಅಕ್ಷರ ಬಿಡಿಸಿದರೆ ಬರುವ ಸದ್ದೇ ಬೇರೆ. ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತು, ಸೊನ್ನೆಗಳಿವೆ. ಒಂದನೇ ತರಗತಿಯಲ್ಲಿ ನಾವೆಲ್ಲ ರಾಗವಾಗಿ ಒದರಿದ ಪಾಠವನ್ನೇ ಕೈಲಾಸಂ ಹಾಡಾಗಿಸಿದರು.

ಆದರೆ ಇಲ್ಲೊಂದು ಪ್ರಶ್ನೆಯನ್ನು ನೀವು ಕೇಳಲೇಬೇಕು. ಲಂಡನ್ನಿನಿಂದ ಬಂದ ವಿದ್ಯಾವಂತರು ಹಳ್ಳಿಯವನನ್ನು ಹಾಡಿನಲ್ಲಿ ನಿಲ್ಲಿಸಿದಾಗ, ಸಭೆ ಅವನೊಡನೆ ನಗುತ್ತದೆಯೋ, ಅವನನ್ನು ನೋಡಿ ನಗುತ್ತದೆಯೋ? ಕೈಲಾಸಂ ತಮ್ಮ ನಾಟಕಗಳಲ್ಲಿ ಹೆಚ್ಚು ಗೇಲಿ ಮಾಡಿದ್ದು ಅರ್ಧ ಇಂಗ್ಲಿಷು, ಅರ್ಧ ಕನ್ನಡ ಮಾತಾಡುವ ಪಟ್ಟಣದ ಜನರನ್ನು, ಅಂದರೆ ತಮ್ಮವರನ್ನೇ. ಇದು ಅವರ ಪರವಾಗಿ ಹೇಳಬಹುದಾದ ಮಾತು. ಆದರೂ ಹಾಡು ಯಾರ ಬಾಯಿಂದ, ಯಾರ ಮುಂದೆ ಬರುತ್ತದೆ ಎಂಬುದರ ಮೇಲೆ ನಗುವಿನ ಅರ್ಥ ಬದಲಾಗುತ್ತದೆ. ಕೋಳೀಕೆ ರಂಗನನ್ನು ಹಳ್ಳಿಯ ಹುಡುಗನೇ ಎದೆಯುಬ್ಬಿಸಿ ಹಾಡಿದರೆ ಅದು ಅವನ ಹೆಸರಿನ ಘೋಷಣೆ. ಪಟ್ಟಣದವನು ಮುಖ ಸೊಟ್ಟಗೆ ಮಾಡಿ ಹಾಡಿದರೆ ಅಣಕ. ಜಾಣ ಹಾಡು ಕಟ್ಟುವವರು ಈ ವ್ಯತ್ಯಾಸವನ್ನು ಎಂದೂ ಮರೆಯಬಾರದು.

ಕೈಲಾಸಂ ಅವರಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ, ಅದು ನೋವಿನದು. ಅವರು ಕುಳಿತು ಬರೆಯುವ ಪೈಕಿಯಲ್ಲ. ಹೇಳಿ ಬರೆಸುವುದು ಅವರ ಪದ್ಧತಿ. ಬಿ.ಎಸ್. ರಾಮರಾಯರಂಥ ಶಿಷ್ಯರು ಬರೆದುಕೊಂಡಿದ್ದರಿಂದ ನಾಟಕಗಳು ನಮಗೆ ಸಿಕ್ಕಿವೆ. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತ ಈ ಮಹನೀಯರ ಹಾಡುಗಳು ಉಳಿದದ್ದು ಕೇಳಿದವರ ನೆನಪಿನಲ್ಲಿ. ಬರೆದುಕೊಳ್ಳುವವರು ಹತ್ತಿರ ಇಲ್ಲದ ಸಂಜೆ ಅವರ ಬಾಯಿಂದ ಹೊರಟದ್ದು ಗಾಳಿಯ ಪಾಲು.

ಪುಸ್ತಕ ಹೊತ್ತ ಕವಿ

ಎರಡನೆಯ ನಾಯಕರು ಜಿ.ಪಿ. ರಾಜರತ್ನಂ. 1979ರಲ್ಲಿ ತೀರಿಕೊಂಡ ಇವರನ್ನು ನೀವು ಮೂರು ವರ್ಷದವರಾಗಿದ್ದಾಗಲೇ ಬಲ್ಲಿರಿ. ನಾಯಿಮರಿಗೆ ತಿಂಡಿ ಬೇಕೇ ಎಂದು ಕೇಳುವ ಶಿಶುಗೀತೆ ಅವರದೇ. 1930ರ ದಶಕದಲ್ಲಿ ಅವರು 'ಎಂಡ್ಕುಡ್ಕ ರತ್ನ' ಎಂಬ ಪಾತ್ರವನ್ನು ಸೃಷ್ಟಿಸಿದರು. ಕೂಲಿನಾಲಿ ಮಾಡುವ, ಸಂಜೆಯಾದರೆ ಹೆಂಡದಂಗಡಿಗೆ ಹೋಗುವ, ಹೆಂಡತಿ ನಂಜಿಯನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ರತ್ನ ತನ್ನ ಭಾಷೆಯಲ್ಲೇ ಪದ ಕಟ್ಟುತ್ತಾನೆ. ಅವನ ಬಾಯಲ್ಲಿ ಹೆಂಡ 'ಎಂಡ' ಆಗುತ್ತದೆ. ಹಕಾರ ಬೀಳುತ್ತದೆ, ಮಹಾಪ್ರಾಣ ಮಾಯವಾಗುತ್ತದೆ. ಹಾಸನ, ಮಂಡ್ಯ, ಮೈಸೂರು ಸೀಮೆಗಳ ಮನೆಗಳಲ್ಲಿ ಇಂದಿಗೂ ಕೇಳುವ ಮಾತು ಅದು.

ಇದನ್ನು ಬರೆದವರು ಯಾರು? ಕನ್ನಡ ಎಂ.ಎ. ಓದಿದ ಪಂಡಿತರು. ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು. ಕಾಲೇಜುಗಳಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಸ್ವತಃ ಅವರು ಕುಡುಕರಲ್ಲ. ಶುದ್ಧ ಕನ್ನಡ ಬರೆಯಲು ಬಾರದೆ ಅವರು ರತ್ನನ ಭಾಷೆಯನ್ನು ಹಿಡಿಯಲಿಲ್ಲ. ಆ ಭಾಷೆಯಲ್ಲಿ ಮಾತ್ರ ಹೇಳಬಹುದಾದ ಮಾತೊಂದಿತ್ತು, ಅದಕ್ಕಾಗಿ ಹಿಡಿದರು. ಒರಟುತನ ಇಲ್ಲಿ ಅಸಾಮರ್ಥ್ಯವಲ್ಲ, ಆಯ್ಕೆ. ಪದಗಳ ಹೊರಗಡೆ ಎಷ್ಟು ಒರಟೋ ಒಳಗೆ ಛಂದಸ್ಸು ಅಷ್ಟೇ ಬಿಗಿ. ಯಾವ ಪದವನ್ನಾದರೂ ಗಟ್ಟಿಯಾಗಿ ಓದಿ ನೋಡಿ, ಮಾತ್ರೆ ತಪ್ಪುವುದಿಲ್ಲ.

ರತ್ನನ ಪದಗಳನ್ನು ಕುಡಿತದ ಹೊಗಳಿಕೆ ಎಂದು ಓದಿದವರೂ ಇದ್ದಾರೆ. ಕುಡಿತದಿಂದ ಹಾಳಾದ ಮನೆಗಳನ್ನು ಕಂಡವರಿಗೆ ಹಾಗನ್ನಿಸಿದರೆ ತಪ್ಪೇನೂ ಇಲ್ಲ. ನಗುವಿನ ನಡುವೆ ನಂಜಿಯ ಮೇಲಿನ ಅಕ್ಕರೆ, ಬಡತನದ ಸಂಕಟ, ಕನ್ನಡದ ಅಭಿಮಾನ ಹೇಗೆ ಎದ್ದು ಬರುತ್ತವೆ ಎಂಬುದನ್ನೂ ಗಮನಿಸಿ ಆಮೇಲೆ ನಿಮ್ಮ ತೀರ್ಮಾನ ಹೇಳಿ.

ರಾಜರತ್ನಂ ಇನ್ನೊಂದು ಅರ್ಥದಲ್ಲಿಯೂ ನಮ್ಮ ಕಥೆಗೆ ಸೇರಿದವರು. ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು, ತಾವೇ ಹೊತ್ತು ಮಾರಿದರು. ತಮ್ಮನ್ನು 'ಸಾಹಿತ್ಯ ಪರಿಚಾರಕ' ಎಂದು ಕರೆದುಕೊಂಡರು. ನಿಮ್ಮ ವಯಸ್ಸಿನ ವಿದ್ಯಾರ್ಥಿಗಳು ಬರೆದದ್ದನ್ನು ತಿದ್ದಿ ಅಚ್ಚಿಗೆ ಕಳಿಸುವುದರಲ್ಲಿ ಆಯುಷ್ಯ ಕಳೆದರು. ದೊಡ್ಡ ಕಂಪನಿಗೆ ಕಾಯದೆ ಕೇಳುಗನ ಬಾಗಿಲಿಗೆ ತಾನೇ ಹೋಗುವವನು ಇಂಡಿ ಕಲಾವಿದ ಎನ್ನುವುದಾದರೆ, ಆ ಪದ ಹುಟ್ಟುವ ಮೊದಲೇ ನಮ್ಮಲ್ಲೊಬ್ಬರು ಇದ್ದರು.

ಯಂತ್ರ ಬದಲಾದಂತೆ ಹಾಡು

ಹಾಡಿನ ಚರಿತ್ರೆ ಎಂದರೆ ಯಂತ್ರದ ಚರಿತ್ರೆಯೂ ಹೌದು. ಭಾರತದಲ್ಲಿ ಗ್ರಾಮಫೋನ್ ಮುದ್ರಣ ಆರಂಭವಾದದ್ದು 1902ರಲ್ಲಿ. ಹತ್ತು ಅಂಗುಲದ ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಹತ್ತು ನುಡಿಯ ಪದವನ್ನು ಮೂರು ನಿಮಿಷಕ್ಕೆ ಇಳಿಸಬೇಕಾದರೆ ಏಳು ನುಡಿಗಳನ್ನು ಬಿಡಬೇಕು. ಮಾತಿನ ಹಾಡಿಗೆ ಅದು ಕತ್ತರಿ.

ಬಾನುಲಿ ಬಂದಾಗ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ತೆರೆದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಆ ಮನೆಯಿಂದ. ಮನೆಯಲ್ಲೇ ಕುಳಿತು ಲೋಕಕ್ಕೆ ಹಾಡು ಕೇಳಿಸುವುದು ಈ ಕಾಲದ ಹೊಸ ಚಮತ್ಕಾರ ಎಂದು ಯಾರಾದರೂ ಹೇಳಿದರೆ ನೀವು ಈ ಮಾತನ್ನು ನೆನಪಿಸಬಹುದು. ಪಿ. ಕಾಳಿಂಗರಾಯರು (1914–1981) ಬಾನುಲಿಯಲ್ಲೂ ವೇದಿಕೆಯಲ್ಲೂ ಕವಿಗಳ ಪದ್ಯವನ್ನು ಹಾಡಿ, ಪುಸ್ತಕದಲ್ಲಿದ್ದ ಕವಿತೆಯನ್ನು ಬೀದಿಗೆ ತಂದರು. ಸುಗಮ ಸಂಗೀತ ಎಂದು ನಾವು ಕರೆಯುವ ಮಾರ್ಗಕ್ಕೆ ಅವರೇ ಹಿರಿಯರು.

ದೊಡ್ಡ ಬದಲಾವಣೆ ತಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಇದನ್ನು ಲೋಕಕ್ಕೆ ತೋರಿಸಿತು. ಅದರ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಸ್ಟುಡಿಯೋದ ದೊಡ್ಡ ಸುರುಳಿಗಳು ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿದ್ದವು. ಕಿರಿದಾದ ಟೇಪು, ನಿಧಾನದ ಓಟ ಇವುಗಳಿಂದ ಕ್ಯಾಸೆಟ್ಟಿನಲ್ಲಿ 'ಸ್' ಎನ್ನುವ ಸದ್ದು ತಪ್ಪದೆ ಕೇಳುತ್ತಿತ್ತು. ಆದರೆ ಅರವತ್ತು ನಿಮಿಷ ಹಿಡಿಯುತ್ತಿತ್ತು, ಅಗ್ಗವಾಗಿತ್ತು, ಜೇಬಿನಲ್ಲಿ ಹೋಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕೇಳುವವನೇ ಮುದ್ರಿಸಲೂ ಬಹುದಿತ್ತು. ಒಂದೇ ದೊಡ್ಡ ಕಂಪನಿಯ ಹಿಡಿತದಲ್ಲಿದ್ದ ಭಾರತದ ಮುದ್ರಿತ ಸಂಗೀತ 1980ರ ದಶಕದಲ್ಲಿ ನೂರಾರು ಸಣ್ಣ ಕೈಗಳಿಗೆ ಹಂಚಿಹೋಯಿತು. ಪ್ರಾದೇಶಿಕ ಭಾಷೆಗಳ ಹಾಡಿಗೆ ಅಂಗಡಿಯ ಕಪಾಟಿನಲ್ಲಿ ಜಾಗ ಸಿಕ್ಕಿತು.

ಕನ್ನಡದಲ್ಲಿ ಇದರ ಮೊದಲ ದೊಡ್ಡ ಫಲ 1978ರ 'ನಿತ್ಯೋತ್ಸವ' ಧ್ವನಿಸುರುಳಿ. ಕವಿ ಕೆ.ಎಸ್. ನಿಸಾರ್ ಅಹಮದ್, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಭಾವಗೀತೆಗಳ ಧ್ವನಿಸುರುಳಿಗಳಿಗೆ ಇದೇ ನಾಂದಿಯಾಯಿತು. ಅನಂತಸ್ವಾಮಿಯವರು (1936–1995) ರತ್ನನ ಪದಗಳನ್ನೂ ಹಾಡಿದರು. ಹಾರ್ಮೋನಿಯಂ ಹಿಡಿದು, ರತ್ನನ ನಾಲಿಗೆ ಹೇಗೆ ಹೊರಳುತ್ತದೋ ಹಾಗೆಯೇ ಹೊರಳಿಸಿ ಹಾಡಿದಾಗ ಓದು ಬಾರದವರಿಗೂ ರಾಜರತ್ನಂ ಸಿಕ್ಕರು. ಮುಂದೆ ಅವರ ಮಗ ರಾಜು ಅನಂತಸ್ವಾಮಿ ಅದೇ ಪರಂಪರೆಯನ್ನು ಮುಂದುವರಿಸಿದರು. ಕುವೆಂಪು ರಚಿಸಿದ ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನೊಳಗೆ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶ ಹೊರಡಿಸಿದ್ದನ್ನು ನೀವು ಬಲ್ಲಿರಿ. ಕುಡುಕನ ಪದಕ್ಕೂ ನಾಡಿನ ಗೀತೆಗೂ ಒಂದೇ ಕಂಠ ಸಾಕಾಯಿತು ಎಂಬುದನ್ನು ಗಮನಿಸಿ.

ಸಿ. ಅಶ್ವತ್ಥ್ (1939–2009) ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡಿಗೆ ಬಂದವರು. ಅವರ ಕಂಠ ನಯವಾದುದಲ್ಲ. ಏರಿದಾಗ ಒಡೆಯುವ, ನೆಲದ ವಾಸನೆಯ ಕಂಠ. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರಕ್ಕೆ ಅವರು ಸಂಗೀತ ನೀಡಿದಾಗ, ನೂರು ವರ್ಷದ ಹಿಂದೆ ತೀರಿಕೊಂಡಿದ್ದ ಷರೀಫರು ಬಸ್ಸು, ಹೋಟೆಲು, ಜಾತ್ರೆಗಳಲ್ಲಿ ಮತ್ತೆ ಮಾತನಾಡತೊಡಗಿದರು. 2008ರಲ್ಲಿ ರಘು ದೀಕ್ಷಿತ್ ತಮ್ಮ ತಂಡದ ಮೊದಲ ಆಲ್ಬಮ್ ಹೊರತಂದರು. ಗಿಟಾರು, ಡ್ರಮ್ಮುಗಳ ನಡುವೆ ಷರೀಫರ ಪದಗಳನ್ನು ಹಾಡಿ ಇಂಗ್ಲೆಂಡಿನ ವೇದಿಕೆಗಳವರೆಗೂ ಒಯ್ದರು. ಅವರ ಮುದ್ರಣ ಲೋ-ಫೈ ಅಲ್ಲ. ಆದರೆ ಏಕತಾರಿಯ ಮಾತು ಎಷ್ಟು ಗಟ್ಟಿ ಎಂಬುದಕ್ಕೆ ಅದೊಂದು ಸಾಕ್ಷಿ. ಹೊರಿಸಿದ ಭಾರವನ್ನೆಲ್ಲ ಆ ಮಾತು ತಾಳಿತು.

ಸೆಳೆತದ ಗುಟ್ಟು

ಇಷ್ಟು ದೂರ ಬಂದ ಮೇಲೆ, ಮಾತು ತುಂಬಿದ ಒರಟು ಹಾಡು ನಮ್ಮನ್ನು ಏಕೆ ಸೆಳೆಯುತ್ತದೆ ಎಂಬುದನ್ನು ಮೂರು ಮಾತಿನಲ್ಲಿ ಹೇಳಬಹುದು.

ಮೊದಲನೆಯದು ಹತ್ತಿರ. ದೊಡ್ಡ ವಾದ್ಯವೃಂದದ ಹಾಡು ವೇದಿಕೆಯ ಮೇಲಿನಿಂದ ಬರುತ್ತದೆ. ಒಂದೇ ದನಿಯ ಹಾಡು ಪಕ್ಕದ ಜಗಲಿಯಿಂದ ಬರುತ್ತದೆ. ಹಾಡುವವನ ಉಸಿರು, ಕೆಮ್ಮು, ಹಿಂದಿನ ಮಳೆ ಎಲ್ಲ ಕೇಳಿದಾಗ, ಇವನು ನಮ್ಮವನೇ ಎಂಬ ನಂಬಿಕೆ ಹುಟ್ಟುತ್ತದೆ.

ಎರಡನೆಯದು ಪಾಲು. ಜಾಣ ಸಾಲು ಅರ್ಧ ಹೇಳಿ ಅರ್ಧವನ್ನು ನಮಗೆ ಬಿಡುತ್ತದೆ. ಷರೀಫರ ಮಾಳಿಗೆ ಏನೆಂದು ಹೊಳೆದ ಗಳಿಗೆ ಹಾಡು ನಮ್ಮದೂ ಆಗುತ್ತದೆ. ಬಿಡಿಸಿದ ಒಗಟನ್ನು ಯಾರೂ ಮರೆಯುವುದಿಲ್ಲ.

ಮೂರನೆಯದು ಧೈರ್ಯ. ಮಧುರ ಕಂಠದವರ ಹಾಡು ಕೇಳಿದರೆ ನಾವು ಕೈಮುಗಿಯುತ್ತೇವೆ. ಒರಟು ದನಿಯ ಒಳ್ಳೆಯ ಹಾಡು ಕೇಳಿದರೆ, ನಾನೂ ಒಂದು ಕಟ್ಟಬಹುದಲ್ಲ ಎನ್ನಿಸುತ್ತದೆ.

ಆದರೆ ಇಲ್ಲಿ ಮೋಸಹೋಗಬೇಡಿ. ಒರಟಾಗಿದ್ದ ಮಾತ್ರಕ್ಕೆ ಹಾಡು ನಿಜವಾಗುವುದಿಲ್ಲ, ಮಾತು ಹೆಚ್ಚಿದ ಮಾತ್ರಕ್ಕೆ ಜಾಣವಾಗುವುದಿಲ್ಲ. ಕೈಲಾಸಂ ಕಾಗುಣಿತದ ಸದ್ದನ್ನು ತೂಗಿ ನೋಡಿದ್ದರು. ರಾಜರತ್ನಂ ಮಾತ್ರೆ ಎಣಿಸಿದ್ದರು. ಯಂತ್ರ ಅಗ್ಗವಾಗಿರಬಹುದು, ದುಡಿಮೆ ಅಗ್ಗವಾಗಿರಲಿಲ್ಲ. ಜತೆಗೆ, ಮೇಲಿನವರನ್ನು ಮುಟ್ಟುವ ಚುರುಕು ಮಾತು ಹಾಸ್ಯ. ಕೆಳಗಿನವರನ್ನು ತುಳಿಯುವ ಚುರುಕು ಮಾತು ಬರಿಯ ಸೊಕ್ಕು. ಮೊದಲ ನಗು ತನ್ನ ಮೇಲೆಯೇ ಇರಲಿ ಎಂಬುದು ರತ್ನ ಕಲಿಸುವ ಪಾಠ.

ಅಳಿಸುವ ಮೊದಲು

ಮತ್ತೆ ಕೆ. ಹೊಸಕೋಟೆಗೆ ಬರೋಣ. ಮಲೆನಾಡಿನ ಎಷ್ಟೋ ಮನೆಗಳ ಅಟ್ಟದ ಮೇಲೆ, ಟ್ರಂಕಿನೊಳಗೆ ಹಳೆಯ ಕ್ಯಾಸೆಟ್ಟುಗಳಿವೆ. ಕೆಲವು ಅಂಗಡಿಯಲ್ಲಿ ಕೊಂಡವು. ಕೆಲವು ಮದುವೆಯ ದಿನ ಯಾರೋ ಸೋದರಮಾವ ಟೇಪ್ ರೆಕಾರ್ಡರ್ ತಂದು ಮುದ್ರಿಸಿದವು. ಬೀಗರ ಹಾಡು, ಸೋಬಾನೆ, ತೀರಿಹೋದ ಅಜ್ಜಿಯ ನಗು ಅವುಗಳಲ್ಲಿವೆ. ಟೇಪಿಗೆ ದೊಡ್ಡ ಶತ್ರು ತೇವ. ಮಳೆಗಾಲದ ತಂಡಿಯಲ್ಲಿ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ, ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದೊಂದು ಮಳೆಗಾಲ ಕಳೆದಂತೆ ಒಂದಿಷ್ಟು ಹಾಡು ಸದ್ದಿಲ್ಲದೆ ಸಾಯುತ್ತದೆ. ಮಲೆನಾಡಿಗಿಂತ ಮಳೆ ಕಡಿಮೆಯ ಊರಿನವರಿಗೆ ಸ್ವಲ್ಪ ಹೆಚ್ಚು ಕಾಲಾವಕಾಶ ಇರಬಹುದು. ಇಲ್ಲಿನವರಿಗೆ ಇಲ್ಲ.

ಆದ್ದರಿಂದ ಈ ಬಾರಿಯ ರಜೆಗೆ ನಿಮಗೆ ಎರಡು ಕೆಲಸ. ಮೊದಲನೆಯದು, ಮನೆಯಲ್ಲಿ ಅಂಥ ಕ್ಯಾಸೆಟ್ಟಿದ್ದರೆ ಹೊರತೆಗೆಯಿರಿ. ಬೂಷ್ಟು ಹಿಡಿದಿದ್ದರೆ ತಕ್ಷಣ ಹಾಕಿ ತಿರುಗಿಸಬೇಡಿ, ಟೇಪು ಹರಿದೀತು. ತಿಳಿದವರಿಗೆ ತೋರಿಸಿ ಒಣಗಿಸಿ, ಆಮೇಲೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕ್ಯಾಸೆಟ್ ಇಲ್ಲದಿದ್ದರೆ ಅಜ್ಜಿಯ ಬಳಿ ಕುಳಿತು, ಅವರ ಒಪ್ಪಿಗೆ ಕೇಳಿ, ಅವರ ಹಾಡನ್ನು ಫೋನಿಗೆ ಮುದ್ರಿಸಿಕೊಳ್ಳಿ. ಹಾಡಿದವರು ಯಾರು, ಯಾವ ಊರು, ಯಾವ ದಿನ, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು ಎಂಬುದನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಈ ನಾಲ್ಕು ವಿವರವಿಲ್ಲದ ಹಾಡು ವಿಳಾಸವಿಲ್ಲದ ಕಾಗದದಂತೆ. ಗೊರೂರರೂ ಕರೀಂಖಾನರೂ ಮಾಡಿದ ಕೆಲಸ ಇದೇ. ಅವರ ಬಳಿ ನಿಮ್ಮ ಜೇಬಿನಲ್ಲಿರುವ ಯಂತ್ರವೂ ಇರಲಿಲ್ಲ.

ಎರಡನೆಯ ಕೆಲಸ ಇನ್ನೂ ಸುಲಭ, ಇನ್ನೂ ಕಷ್ಟ. ನೀವೇ ಒಂದು ಹಾಡು ಕಟ್ಟಿ. ನಿಮ್ಮ ಬಸ್ಸು, ನಿಮ್ಮ ಮಳೆ, ನಿಮ್ಮ ಆನೆ, ನಿಮ್ಮ ಮನೆಯ ಮಾತು. ಹಾಡಿ ಮುದ್ರಿಸಿ. ಕೇಳಿ ನಾಚಿಕೆಯಾದರೆ, ಆಗಲಿ. ನುಡಿಗಳನ್ನು ತಿದ್ದಿ ಮತ್ತೆ ಹಾಡಿ. ಅಳಿಸುವ ಗುಂಡಿ ಒತ್ತುವ ಮೊದಲು ತಂಗಿಯನ್ನೋ ತಮ್ಮನನ್ನೋ ಒಮ್ಮೆ ಕೇಳಿ. ಅವರು "ಇನ್ನೊಂದ್ಸಲ ಹಾಕು" ಎಂದರೆ ಅಳಿಸಬೇಡಿ.

ಕೈಲಾಸಂ ಹಾಡುತ್ತಿದ್ದಾಗ ಪಕ್ಕದಲ್ಲಿ ಬರೆದುಕೊಳ್ಳುವವರು ಬೇಕಿತ್ತು. ನಿಮ್ಮ ಪಕ್ಕದಲ್ಲಿ ಯಂತ್ರ ತಾನೇ ಕಾದು ಕುಳಿತಿದೆ. ಹಾಡುವುದಷ್ಟೇ ಬಾಕಿ.